ಸೌದಾಮಿನಿಯ ಪಾಲಿನ ಎಲೆ

ಬೀಡಿ ಬ್ರಾಂಚ್ ಗಡಿಯ ಆಚೆಗೆ ಹೋಗುತ್ತದೆ ಎಂಬ ಸುದ್ದಿ ಕೇರಳದ ಬದಿಯ ವರ್ಕಾಡಿಯ ಹೆಂಗಸರಿಗಿಂತ ಮೊದಲು ಮಹಾಲಿಂಗನ ಮೊಬೈಲಿಗೆ ಬಂತು. ಶನಿವಾರ ಇಲ್ಲಿ ಕೊನೆ, ಸೋಮವಾರದಿಂದ ಕರ್ನಾಟಕದ ಬದಿಯ ಹೊಸ ಕಟ್ಟಡ. ಅದನ್ನು ಓದಿ ಅವನು ತಕ್ಕಡಿಯ ಪಕ್ಕದ ಸ್ಟೂಲಿನಲ್ಲಿ ಕುಳಿತುಬಿಟ್ಟ. ಕೆಲಸ ಹೋಗುವ ಭಯ ಅವನಿಗಿರಲಿಲ್ಲ. ಬ್ರಾಂಚ್ ಎಲ್ಲಿಗೆ ಹೋದರೂ ಎಲೆ ತೂಗಿ ಕೊಡಲು, ಕಟ್ಟಿ ತಂದ ಬೀಡಿ ನೋಡಿ ತೆಗೆದುಕೊಳ್ಳಲು ಅವನೊಬ್ಬ ಬೇಕು. ಅವನು ಕುಳಿತುಬಿಟ್ಟದ್ದು ಬೇರೆ ಕಾರಣಕ್ಕೆ. ಇನ್ನು ಸೌದಾಮಿನಿಯನ್ನು ಎಲ್ಲಿ ನೋಡುವುದು?

ಈ ಬೀಡಿಯ ಉದ್ಯಮವೇ ವಿಚಿತ್ರ. ಎಲೆ ಬರುವುದು ಮಧ್ಯಪ್ರದೇಶ, ಒಡಿಶಾದ ಕಾಡುಗಳಿಂದ. ಹೊಗೆಸೊಪ್ಪು ಗುಜರಾತು, ನಿಪ್ಪಾಣಿ ಕಡೆಯದು. ಸೇದುವವರು ಇನ್ನೆಲ್ಲೋ ಇದ್ದಾರೆ. ಉಕ್ಕಿನ ಕಾರ್ಖಾನೆ ಅದಿರಿನ ಹತ್ತಿರ, ಸಕ್ಕರೆ ಕಾರ್ಖಾನೆ ಕಬ್ಬಿನ ಹತ್ತಿರ ಎಂದು ಶಾಲೆಯಲ್ಲಿ ಕಲಿಸುತ್ತಾರೆ, ಬೀಡಿ ವರ್ಕಾಡಿಗೆ ಯಾಕೆ ಬಂತು ಎಂದು ಯಾರೂ ಕಲಿಸುವುದಿಲ್ಲ. ಇಲ್ಲಿ ಇದ್ದದ್ದು ಹೆಂಗಸರ ಬೆರಳು, ಅಷ್ಟೇ. ಚಿಮಣಿಯಿಲ್ಲ, ಸೈರನ್ನಿಲ್ಲ, ಒಬ್ಬೊಬ್ಬರ ಮನೆಯ ಜಗಲಿಯೇ ಕಾರ್ಖಾನೆ. ಗೋಡೆಯೇ ಇಲ್ಲದ ಕಾರ್ಖಾನೆಯನ್ನು ಎಬ್ಬಿಸಿಕೊಂಡು ಹೋಗುವುದು ಎಷ್ಟು ಸುಲಭ ನೋಡಿ. ಕೂಲಿಯ ದರ ಕೇರಳದಲ್ಲಿ ಒಂದು, ಕರ್ನಾಟಕದಲ್ಲಿ ಇನ್ನೊಂದು. ತಕ್ಕಡಿಯನ್ನೂ ಗೋಣಿಗಳನ್ನೂ ಪಿಕಪ್ಪಿಗೆ ಹಾಕಿದರೆ ಉದ್ಯಮ ರಾಜ್ಯ ದಾಟಿತು. ಬೆರಳುಗಳು ಮಾತ್ರ ಇದ್ದಲ್ಲೇ ಉಳಿದವು.

ಆಚೆಯ ಬ್ರಾಂಚಿನಲ್ಲಿ ಆಚೆಯವರಿಗೇ ಕೆಲಸ ಎಂದು ಕಂಪೆನಿ ಹೇಳಿತ್ತು. ಇಲ್ಲಿಯವರಿಗೆ ಶನಿವಾರ ಉಳಿದ ಎಲೆ ಹಂಚುವುದು, ಅದರ ಬೀಡಿಯನ್ನು ಅವರು ಒಮ್ಮೆ ಆಚೆಗೆ ತಲುಪಿಸಿದರೆ ಋಣ ತೀರಿತು. ಕೆಲವರು ಆಗಲೇ ಉದ್ಯೋಗ ಖಾತ್ರಿ ಕೆಲಸ ಕೇಳಿ ಪಂಚಾಯತಿಗೆ ಹೋಗಿ ಬಂದಿದ್ದರು. ಸೌದಾಮಿನಿಗೆ ಅಡಿಕೆ ಸುಲಿಯುವ ಕೆಲಸ ಸಿಕ್ಕಿತ್ತು. ಹಾಗಾಗಿ ಅವಳ ಹೊಟ್ಟೆಪಾಡಿನ ಚಿಂತೆ ಮಹಾಲಿಂಗನಿಗಿರಲಿಲ್ಲ. ಅವನ ಚಿಂತೆ ಅವನದ್ದೇ.

ಅವನಿಗೆ ಐವತ್ತು ಕಳೆದಿತ್ತು. ಅವಳು ತಂದೆ ತೀರಿದ ಮೇಲೆ ಬೀಡಿ ಕಟ್ಟಿಯೇ ತಮ್ಮ ಪ್ರವೀಣನನ್ನು ಓದಿಸಿ ದಡ ಸೇರಿಸಿದವಳು, ತನ್ನ ಮದುವೆಯ ಮಾತು ಬಂದಾಗಲೆಲ್ಲ ಮುಂದೆ ನೋಡುವ ಎಂದವಳು. ಅವನು ಹಾಸಿಗೆ ಹಿಡಿದ ತಾಯಿಯನ್ನು ಹೋದ ವರ್ಷದವರೆಗೆ ನೋಡಿಕೊಂಡವನು. ಇಬ್ಬರಿಗೂ ಜಾತಿ, ಜಾತಕ ಯಾವುದೂ ಅಡ್ಡ ಇರಲಿಲ್ಲ. ಅಡ್ಡ ಇದ್ದದ್ದು ಅವನ ನಾಲಿಗೆ.

ಅದಕ್ಕಿಂತ ದೊಡ್ಡ ಪೆದ್ದುತನ ಇನ್ನೊಂದಿತ್ತು. ಬೀಡಿ ಕಟ್ಟುವವರಿಗೆ ಎಲೆಯೇ ಎಲ್ಲ. ಮೆತ್ತಗಿನ ಅಗಲ ಎಲೆ ಸಿಕ್ಕಿದರೆ ಇಷ್ಟು ಎಲೆಗೆ ಇಷ್ಟು ಬೀಡಿ ಎಂಬ ಲೆಕ್ಕ ಸಲೀಸಾಗಿ ತುಂಬುತ್ತದೆ. ತೂತು ಬಿದ್ದ, ನರ ದಪ್ಪದ ಎಲೆ ಸಿಕ್ಕಿದರೆ ಕತ್ತರಿಸುವಾಗಲೇ ಅರ್ಧ ಹಾಳು, ಕಡಿಮೆ ಬಿದ್ದದ್ದನ್ನು ಕಟ್ಟುವವರೇ ತುಂಬಿಸಬೇಕು. ಮಹಾಲಿಂಗ ಎಲ್ಲರಿಗೂ ಒಳ್ಳೆಯದು ಕೆಟ್ಟದ್ದು ಬೆರೆಸಿ ಸಮ ಹಂಚುವ ನ್ಯಾಯಸ್ಥ. ಒಬ್ಬಳಿಗೆ ಮಾತ್ರ ಕೆಟ್ಟದ್ದನ್ನೇ ಆರಿಸಿ ಕೊಡುತ್ತಿದ್ದ. ಎಲ್ಲಾದರೂ ಸೌದಾಮಿನಿಯ ಕೈಗೆ ಒಳ್ಳೆಯ ಕಟ್ಟು ಹೋದರೆ ನಾಲ್ಕು ಜನ ಅವಳ ಬಗ್ಗೆ ಆಡಿಕೊಳ್ಳುತ್ತಾರೆಂಬ ಹೆದರಿಕೆ. ಪ್ರೀತಿ ಮಾಡಿ ನಷ್ಟ ಹೊರಿಸಿದ ಪುಣ್ಯಾತ್ಮ. ಅವಳು ಒಂದು ದಿನವೂ ತಕರಾರು ಮಾಡಿದವಳಲ್ಲ.

ಬುಧವಾರ ಹೇಳಿಬಿಡುವುದೆಂದು ಅವನು ನಿಶ್ಚಯಿಸಿದ. ಅವಳು ಎದುರು ನಿಂತಾಗ, “ನೂಲು ಸಾಕುಂಟಾ?” ಎಂದು ಕೇಳಿದ. ಸಾಕು ಎಂದು ಅವಳು ಹೋದಳು.

ಶನಿವಾರಕ್ಕೆ ಅವನೊಂದು ಉಪಾಯ ಮಾಡಿದ. ಬಾಯಿ ಹೇಳದ್ದನ್ನು ಎಲೆ ಹೇಳಲಿ. ಹೇಗೂ ಕೊನೆಯ ದಿನ, ಇನ್ನು ಆಡಿಕೊಳ್ಳುವವರಿಗೆ ಹೆದರುವುದೇನು? ಗೋಣಿಗಳನ್ನೆಲ್ಲ ಜಾಲಾಡಿ, ಒಂದೂ ತೂತಿಲ್ಲದ, ರೇಷ್ಮೆಯಂಥ ಎಲೆಗಳನ್ನು ಆರಿಸಿ ಕಟ್ಟಿ ಮೇಜಿನ ಕೆಳಗೆ ಇಟ್ಟುಕೊಂಡ. ಬೆಳಗ್ಗೆಯಿಂದ ಬಂದವರಿಗೆಲ್ಲ ಹಂಚಿದ. ಸೌದಾಮಿನಿ ಬರುವಾಗ ಬ್ರಾಂಚಿನ ಜಗಲಿಯಲ್ಲಿ ಉಳಿದದ್ದು ರುಖಿಯಾ ಒಬ್ಬಳೇ. ಬ್ರಾಂಚ್ ಶುರುವಾದಂದಿನಿಂದ ಬೀಡಿ ಕಟ್ಟುತ್ತಿದ್ದ ಆ ಅಜ್ಜಿಗೆ ಎದ್ದು ಹೋಗಲು ಮನಸ್ಸಿರಲಿಲ್ಲ.

ಮಹಾಲಿಂಗ ಆ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಸೌದಾಮಿನಿ ಒಂದು ಎಲೆ ಎಳೆದು ಬೆರಳಿನಲ್ಲಿ ಸವರಿದಳು. ಇನ್ನೊಂದನ್ನು ಎಳೆದಳು. ಅವಳ ಮುಖ ಅರಳುತ್ತದೆಂದು ಅವನು ಕಾಯುತ್ತಿದ್ದ. ಅದು ಬಾಡಿತು. ಕಟ್ಟನ್ನು ಮೇಜಿನ ಮೇಲೆ ಇಟ್ಟು ಅವಳು ಹಿಂದೆ ಸರಿದಳು.

“ಇದು ನನಗೆ ಬೇಡ.”

“ಯಾಕೆ? ಒಳ್ಳೆ ಎಲೆ ಅಲ್ಲವಾ?”

“ಒಳ್ಳೆಯದೇ. ಇಷ್ಟು ವರ್ಷ ಉಳಿದವರಿಗೆ ಒಂದು ಬಗೆಯ ಎಲೆ, ನನಗೇ ಅಂತ ಬೇರೆ ಎಲೆ ಇತ್ತು. ಇವತ್ತು ಒಳ್ಳೆ ಎಲೆ ಕೊಟ್ಟು ಲೆಕ್ಕ ತೀರಿಸಿದಿರಿ, ನಾನೂ ಉಳಿದವರ ಹಾಗೆ ಆದೆ. ಆಗಲಿ, ನಿಮಗೂ ಹೋಗಲಿಕ್ಕುಂಟಲ್ಲ.”

ಅವಳು ಬಾಗಿಲ ಕಡೆ ತಿರುಗಿದಳು. ರುಖಿಯಾ ಗೋಡೆಗೆ ಒರಗಿದಲ್ಲಿಂದಲೇ ಮಹಾಲಿಂಗನಿಗೆ ಹೇಳಿದಳು.

“ನೀನು ಎಂತ ಜನ ಮಾರಾಯ. ಯಾರಿಗೂ ಅನ್ಯಾಯ ಮಾಡದವನು ಒಬ್ಬಳಿಗೆ ಮಾತ್ರ ತೂತಿನ ಎಲೆ ಕೊಟ್ಟರೆ ನಮಗೆ ಗೊತ್ತಾಗುವುದಿಲ್ಲವಾ? ಅದು ಯಾಕೆ ಅಂತ ಈ ಜಗಲಿಗೆಲ್ಲ ಗೊತ್ತುಂಟು. ಅವಳಿಗೂ ಗೊತ್ತುಂಟು. ಕಡಿಮೆ ಬಿದ್ದದ್ದಕ್ಕೆ ನಾವೆಲ್ಲ ನಮ್ಮ ಎಲೆಯಿಂದ ನಾಲ್ಕು ನಾಲ್ಕು ಅವಳಿಗೆ ಕೊಡ್ತಿದ್ದೆವು. ಪಾಪ, ನೀನು ಬಾಯಿ ಬಿಡುವವರೆಗೆ ಅಂತ.”

ಮಹಾಲಿಂಗನಿಗೆ ನಾಚಿಕೆಯೂ ಆಯಿತು, ಇಷ್ಟು ಜನ ತನ್ನನ್ನು ಇಷ್ಟು ಕಾಲ ಸಹಿಸಿಕೊಂಡರಲ್ಲ ಎಂದು ಕಣ್ಣೂ ತುಂಬಿತು. ಅವನು ತಕ್ಕಡಿಯನ್ನು ದಾಟಿ ಈಚೆ ಬಂದ. ತೂಗುವ ಹೊತ್ತಿನಲ್ಲಿ ಅವನು ಮೇಜು ಬಿಟ್ಟು ಈಚೆ ಬಂದದ್ದನ್ನು ಯಾರೂ ನೋಡಿರಲಿಲ್ಲ.

“ಸೌದಾಮಿನಿ, ಒಂದು ನಿಮಿಷ ನಿಲ್ಲಿ. ಇದು ನಿಮ್ಮಿಂದ ಬಿಡಿಸಿಕೊಳ್ಳಲಿಕ್ಕೆ ಕೊಟ್ಟ ಎಲೆ ಅಲ್ಲ. ನನಗೆ ಹೇಳಲಿಕ್ಕೆ ಬರುವುದಿಲ್ಲ. ಬ್ರಾಂಚ್ ಎಲ್ಲಿಗಾದರೂ ಹೋಗಲಿ. ನನಗೆ ಇರಲಿಕ್ಕೆ ಮನಸ್ಸಿರುವುದು ನಿಮ್ಮ ಒಟ್ಟಿಗೆ.”

ಅವಳು ತಿರುಗಲಿಲ್ಲ. ಸೆರಗಿನ ತುದಿಯಿಂದ ಮುಖ ಒರೆಸಿಕೊಂಡದ್ದು ಮಾತ್ರ ಕಂಡಿತು. ಆಮೇಲೆ ಬಂದು ಆ ಒಳ್ಳೆಯ ಕಟ್ಟನ್ನು ಎತ್ತಿ ಬುಟ್ಟಿಗೆ ಹಾಕಿಕೊಂಡಳು.

“ಇದರ ಬೀಡಿ ತಕ್ಕೊಂಡು ನಾನು ಗಡಿ ದಾಟಿ ಬರುವುದಿಲ್ಲ,” ಎಂದಳು. “ಬೇಕಾದರೆ ನೀವೇ ಮನೆಗೆ ಬನ್ನಿ. ಬರುವ ಆದಿತ್ಯವಾರ ಪ್ರವೀಣ ಇರ್ತಾನೆ. ಒಬ್ಬರೇ ಬರಬೇಡಿ. ನಿಮ್ಮ ಕಡೆಯಿಂದ ಹಿರಿಯರು ಯಾರಾದರೂ ಇರಲಿ.”

ಮಹಾಲಿಂಗನಿಗೆ ಹಿರಿಯರೆಂದು ಹೇಳಿಕೊಳ್ಳಲು ಯಾರೂ ಉಳಿದಿರಲಿಲ್ಲ. ಅವನು ಗೋಡೆಯ ಕಡೆ ತಿರುಗಿ ನೋಡಿದ. ರುಖಿಯಾ ಮಂಡಿಗೆ ಕೈ ಊರಿ ಮೆಲ್ಲಗೆ ಎದ್ದು ತಲೆಯ ಬಟ್ಟೆ ಸರಿ ಮಾಡಿಕೊಂಡಳು.

“ಇವನ ಕಡೆಯಿಂದ ನಾನು ಬರ್ತೇನೆ,” ಎಂದಳು. “ಆದರೆ ಮಾತು ಮಾತ್ರ ಇವನೇ ಆಡಬೇಕು.”