ಅಣ್ಣನ ಫೋಲ್ಡರ್

ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಹತ್ತೊಂಬತ್ತು ವರ್ಷದಿಂದ ಕಡತ ಜೋಡಿಸುವವಳು ನಾನು. ಒಬ್ಬರ ಕಾಗದ ಇನ್ನೊಬ್ಬರ ಕಡತಕ್ಕೆ ಸೇರಿದರೆ ಸಾಕು, ಯಾರ ಮುಖವನ್ನೂ ನೋಡದೆ ಕೂಗಾಡುತ್ತೇನೆ. ಅಣ್ಣ ನನಗೆ ‘ರಿಜಿಸ್ಟರ್’ ಎಂದೇ ಹೆಸರಿಟ್ಟಿದ್ದಾನೆ. ಅಂಥ ನಾನು ಅಣ್ಣನ ಫೋಲ್ಡರನ್ನೇ ಅಳಿಸಿ ಹಾಕಿದೆ. ಏನು ಮಾಡಿದ್ದೇನೆಂದು ತಿಳಿದ ಮೇಲೂ ನಾಲ್ಕು ದಿನ ಬಾಯಿ ಬಿಡಲಿಲ್ಲ.

ಅಣ್ಣ ಗಡಿಯಾರ ರಿಪೇರಿಯವನು. ಕಳೆದ ವರ್ಷ ಪಾರ್ಶ್ವವಾಯು ಹೊಡೆದು ಅವನ ಬಲಗೈ ಬಿದ್ದುಹೋಯಿತು. ಹಿಸುಕಲು ಕೊಟ್ಟ ರಬ್ಬರ್ ಚೆಂಡು ಎರಡೇ ದಿನಕ್ಕೆ ಮಂಚದ ಕೆಳಗೆ ಸೇರಿತು. ಅವನಿಗೆ ಹಿಡಿಸಿದ್ದು ನನ್ನ ಕಂಪ್ಯೂಟರಿನ ಮೀನುಗಾರಿಕೆ ಆಟ ಮಾತ್ರ. ಬಲಗೈ ಬೆರಳಿನಲ್ಲಿ ಕೀ ಒತ್ತಿದರೆ ಒಳ್ಳೆಯದೇ ಎಂದು ಥೆರಪಿಸ್ಟ್ ಕೂಡ ಹೇಳಿದರು.

ಆ ಆಟದಲ್ಲಿ ಒಂದು ದೋಣಿಗೆ ಮೂರು ಜನ ಬೇಕು. ಚುಕ್ಕಾಣಿಗೆ ನಾನು, ಬಲೆ ಎಸೆಯಲು ಅಣ್ಣ, ಹಿಡಿದ ಮೀನು ತುಂಬಿಡಲು ಗೋದಾಮಿನವನು ಎಂದು ನಾನೇ ಹೆಸರಿಟ್ಟ ಒಂದು ಮೂಕ ಪಾತ್ರ. ಒಂದೇ ಕಂಪ್ಯೂಟರಿನಲ್ಲಿ ಮೂರು ಕಿಟಕಿ ತೆರೆದು ಮೂವರನ್ನೂ ಆಡಿಸಬೇಕು. ಮೂರನ್ನೂ ಒಂದೇ ಫೋಲ್ಡರಿನಿಂದ ತೆರೆದರೆ, ಕೊನೆಗೆ ಮುಚ್ಚಿದ ಕಿಟಕಿಯ ಸೆಟ್ಟಿಂಗ್ಸ್ ಉಳಿದವರ ತಲೆಯ ಮೇಲೂ ಕೂರುತ್ತದೆ. ಹಾಗಾಗಿ ಇಡೀ ಆಟವನ್ನು ಮೂರು ಫೋಲ್ಡರಿಗೆ ಕಾಪಿ ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಇಟ್ಟಿದ್ದೆ. ಗೋದಾಮಿನವನ ಕಿಟಕಿ ಚಿಕ್ಕದು, ಚಿತ್ರ ಮಬ್ಬು, ಸದ್ದಿಲ್ಲ. ಇಲ್ಲದಿದ್ದರೆ ನಮ್ಮ ಮುದಿ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು. ಅಣ್ಣನ ಕಿಟಕಿಯಲ್ಲಿ ದಪ್ಪ ಅಕ್ಷರ.

ಅಣ್ಣನ ಫೋಲ್ಡರಿನಲ್ಲಿ ಅವನಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇತ್ತು. ಬಲೆ ಎಸೆಯಲು ಒಂದು ಕೀಯನ್ನು ಬೆನ್ನುಬೆನ್ನಿಗೆ ಎರಡು ಸಲ ಒತ್ತಬೇಕು. ಎರಡನೆಯ ಒತ್ತಿಗೆ ಆಟ ಎಷ್ಟು ಹೊತ್ತು ಕಾಯಬೇಕು ಎನ್ನುವುದಕ್ಕೆ ಒಂದು ಅಂಕಿ ಇದೆ. ನನ್ನದು ಇಪ್ಪತ್ತು. ಅವನದನ್ನು ಮೊದಲ ದಿನವೇ ಕದ್ದುಮುಚ್ಚಿ ನೂರಕ್ಕೆ ಏರಿಸಿದೆ. ಬೆರಳು ಚುರುಕಾದ ಹಾಗೆ ವಾರಕ್ಕೆ ಒಂದೋ ಎರಡೋ ಅಂಕಿ ಇಳಿಸುತ್ತ ಬಂದೆ. ಎಂಟು ತಿಂಗಳು ಹೀಗೇ ನಡೆಯಿತು.

“ನೋಡೇ ರಿಜಿಸ್ಟರ್, ನಿನ್ನಷ್ಟೇ ಬೇಗ ಎಸೀತೀನಿ ಈಗ,” ಎಂದು ಒಂದು ದಿನ ಬೀಗಿದ. “ಮುಂದಿನ ತಿಂಗಳು ಅಂಗಡಿ ಬಾಗಿಲು ತೆಗೀತೀನಿ.”

ನಾನು ತಲೆಯಾಡಿಸಿದೆ. ಅತ್ತಿಗೆ ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ಅದಾದ ಭಾನುವಾರ ಆಟಕ್ಕೆ ದೊಡ್ಡ ಅಪ್‌ಡೇಟ್ ಬಂತು. ಒಂದೊಂದು ಫೋಲ್ಡರಿಗೂ ಒಂದೂವರೆ ಗಂಟೆ. ನನ್ನದು ಮುಗಿಯುವಷ್ಟರಲ್ಲೇ ನನ್ನ ತಾಳ್ಮೆಯೂ ಮುಗಿಯಿತು. ಉಳಿದೆರಡನ್ನು ಅಳಿಸಿ, ನನ್ನ ಫೋಲ್ಡರನ್ನೇ ಎರಡು ಸಲ ಕಾಪಿ ಮಾಡಿ, ‘ಅಣ್ಣ’, ‘ಗೋದಾಮು’ ಎಂದು ಹೆಸರು ಬದಲಿಸಿದೆ. ದಪ್ಪ ಅಕ್ಷರ ನೆನಪಿತ್ತು, ಹಾಕಿದೆ. ಸದ್ದು, ಕಿಟಕಿಯ ಅಳತೆ, ಎಲ್ಲ ಸರಿ ಮಾಡಿದೆ. ಆ ಒಂದು ಅಂಕಿ ಮಾತ್ರ ನೆನಪಾಗಲಿಲ್ಲ. ಎಷ್ಟು ಬೇಗ ಮುಗಿಸಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆ ವಾರ ಆಸ್ಪತ್ರೆಗೆ ಕಡತ ತಪಾಸಣೆಯವರು ಬಂದಿದ್ದರು, ನನಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಅಣ್ಣ ನಿಂತ ದೋಣಿಯಿಂದ ಒಬ್ಬನೇ ಬಲೆ ಎಸೆಯುತ್ತಿದ್ದ. ಎಂಟನೆಯ ದಿನ ಅತ್ತಿಗೆ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದಳು.

“ನಿಮ್ಮಣ್ಣನ ಕೈ ಮತ್ತೆ ಸೋಲ್ತಿದೆ ಕಣೇ. ಬಲೆ ಬೀಳ್ತಾನೇ ಇಲ್ವಂತೆ. ಇನ್ನೊಂದು ಸಲ ಹೊಡೆಯೋ ಸೂಚನೆ ಇರ್ಬೋದು ಅಂತ ಹೆದರಿದಾರೆ. ಯಾರಿಗೂ ಹೇಳ್ಬೇಡ ಅಂದಿದಾರೆ.”

ಕಂಪ್ಯೂಟರಿನತ್ತ ಓಡಿದೆ. ಅಣ್ಣನ ಫೋಲ್ಡರಿನಲ್ಲಿ ಇಪ್ಪತ್ತು ಎಂದಿತ್ತು. ಮೊದಲು ಎಷ್ಟಿತ್ತು? ಅರವತ್ತೋ, ಐವತ್ತೈದೋ? ಊರವರ ರಕ್ತದೊತ್ತಡವನ್ನೆಲ್ಲ ದಾಖಲೆ ಮಾಡುವ ನಾನು ಅದನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಐವತ್ತೈದು ಹಾಕಿ ಅಣ್ಣನನ್ನು ಕರೆದೆ.

“ಒಂದ್ಸಲ ಆಡಿ ನೋಡು ಬಾರೋ.”

“ಬೇಡ,” ಎಂದ ಅವನು, ಕುರ್ಚಿಯಿಂದ ಏಳದೆ. “ನಂಗೇನು ಮೀನಿನ ಆಸೆಯಾ? ಕೈ ಹೇಗಿದೆ ಅಂತ ನೋಡ್ಕೋಬೇಕಿತ್ತು. ನೋಡ್ಕೊಂಡೆ.”

ಆಗಲೇ ಹೇಳಬೇಕಿತ್ತು. ಹೇಳಿದರೆ ಫೋಲ್ಡರ್ ಅಳಿಸಿದ್ದನ್ನಷ್ಟೇ ಹೇಳಿ ಮುಗಿಸುವಂತಿರಲಿಲ್ಲ. ಎಂಟು ತಿಂಗಳ ಅವನ ಹೆಮ್ಮೆಗೆ ನಾನು ಹಿಂದಿನಿಂದ ಆಸರೆ ಕೊಟ್ಟಿದ್ದನ್ನೂ ಹೇಳಬೇಕಿತ್ತು. ನನಗೆ ಧೈರ್ಯ ಬರಲಿಲ್ಲ. ಅವನ ಮನಸ್ಸು ನೋಯುತ್ತದೆ ಎಂದು ನೆಪ ಹೇಳಿಕೊಂಡೆ. ನಿಜವಾಗಿ ನನಗೆ ನನ್ನ ಮರ್ಯಾದೆಯದೇ ಚಿಂತೆ. ನಾಲ್ಕು ದಿನ ಊಟದ ಹೊತ್ತಿಗೆ ಅವನ ಬಲಗೈಯನ್ನು ನೋಡದೆ ತಟ್ಟೆ ನೋಡಿಕೊಂಡು ಉಂಡೆ. ಅವನೂ ಆ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಳ್ಳತೊಡಗಿದ್ದ.

ಐದನೆಯ ದಿನ ಕೆಲಸದಿಂದ ಬಂದಾಗ ಕಪಾಟಿನ ಮೇಲಿನ ಮರದ ಪೆಟ್ಟಿಗೆ ಇರಲಿಲ್ಲ. ಕಣ್ಣಿಗೆ ಸಿಕ್ಕಿಸುವ ಭೂತಕನ್ನಡಿ, ಚಿಮುಟ, ಸೂಜಿಯಷ್ಟು ತೆಳ್ಳಗಿನ ಸ್ಕ್ರೂ ಡ್ರೈವರ್‌ಗಳು, ಅಣ್ಣನ ಬದುಕೇ ಆ ಪೆಟ್ಟಿಗೆಯಲ್ಲಿತ್ತು.

“ಅಲಾರಂಗೆ ಕೊಟ್ಟೆ,” ಎಂದ ಅಣ್ಣ. ಅಲಾರಂ ಎಂದರೆ ಪಕ್ಕದ ಬೀದಿಯ ರಿಪೇರಿಯವನು. ಮಾತೆತ್ತಿದರೆ ಮೂರು ಮನೆಗೆ ಕೇಳುತ್ತದೆ. “ಅವನಿಗಾದ್ರೂ ಉಪಯೋಗಕ್ಕೆ ಬರ್ಲಿ.”

ಚೀಲವನ್ನೂ ಇಳಿಸದೆ ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ನೂರು, ವಾರವಾರ ಇಳಿಸಿದ್ದು, ಅಳಿಸಿದ್ದು, ನಾಲ್ಕು ದಿನ ಸುಮ್ಮನಿದ್ದದ್ದು. ಅಣ್ಣ ಕಿಟಕಿಯಾಚೆ ನೋಡುತ್ತ ಕೇಳಿಸಿಕೊಂಡ.

“ಅಂದ್ರೆ ನಾನು ಗೆದ್ದಿದ್ದೆಲ್ಲ ನಿನ್ನ ಕೃಪೆ,” ಎಂದ ಕೊನೆಗೆ.

“ಬೆರಳು ನಿಜವಾಗ್ಲೂ ಚುರುಕಾಗ್ತಿತ್ತು ಅಣ್ಣ. ನೂರರಿಂದ ಇಳಿಸ್ತಾನೇ ಬಂದಿದ್ದೆ.”

“ಕೊನೇಗೆ ಎಷ್ಟಕ್ಕೆ ಬಂದಿತ್ತು?”

“ಗೊತ್ತಿಲ್ಲ. ಬರೆದಿಡ್ಲಿಲ್ಲ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಬೈದಿದ್ದರೆ ವಾಸಿಯಿತ್ತು. ಎಡಗೈಯಿಂದ ಜೇಬಿನೊಳಗಿನ ಮಡಿಸಿದ ಚೀಟಿ ತೆಗೆದು ನನ್ನ ಮುಂದೆ ಹಿಡಿದ. ಸೊಟ್ಟ ಅಕ್ಷರದಲ್ಲಿ ಎಂಟು ದಿನದ ಲೆಕ್ಕವಿತ್ತು. ದಿನಕ್ಕೆ ನೂರು ಎಸೆತ. ಮೊದಲ ದಿನ ಬಿದ್ದದ್ದು ಸೊನ್ನೆ. ಮೂರನೆಯ ದಿನ ಎರಡು. ಎಂಟನೆಯ ದಿನ ಒಂಬತ್ತು.

“ಇದು ನಿನ್ನ ಇಪ್ಪತ್ತರಲ್ಲೇ ಎಸೆದಿದ್ದಾ?”

“ನನ್ನ ಇಪ್ಪತ್ತರಲ್ಲೇ.”

ಅವನು ಚೀಟಿಯನ್ನು ಮತ್ತೆ ಮತ್ತೆ ಓದಿದ. ಆಮೇಲೆ ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಚ್ಚಿದ.

“ಹೋಗಿ ಪೆಟ್ಟಿಗೆ ತಗೊಂಡ್ ಬಾ,” ಎಂದ. “ಯಾಕೆ ವಾಪಸ್ ಕೇಳ್ತಿದೀಯ ಅಂತ ನೀನೇ ಹೇಳ್ಬೇಕು. ಕೈ ವಾಸಿಯಾಯ್ತು ಅಂತ ಸುಳ್ಳು ಹೇಳ್ಬೇಡ. ಇನ್ನು ಆ ಅಂಕಿ ಮುಟ್ಟೋದು ನಾನೇ.”

ಅಲಾರಂನ ಅಂಗಡಿಯಲ್ಲಿ ಮೂರು ಜನ ಗಿರಾಕಿಗಳಿದ್ದರು. ಪೆಟ್ಟಿಗೆ ಅವನ ಮೇಜಿನ ಮೇಲೆಯೇ ಇತ್ತು. ಮುಚ್ಚಳದ ಮೇಲಿದ್ದ ಅಣ್ಣನ ಹೆಸರಿನ ಚೀಟಿಯನ್ನು ನೀಟಾಗಿ ಕೆರೆದು ತೆಗೆದು, ಅದೇ ಜಾಗದಲ್ಲಿ ತನ್ನ ಹೆಸರು ಅಂಟಿಸಿದ್ದ. ಗೋಂದು ಇನ್ನೂ ಹಸಿಯಾಗಿತ್ತು.

“ಏನಮ್ಮ, ನಿಮ್ಮಣ್ಣ ಮನಸ್ಸು ಬದಲಾಯಿಸಿದ್ನಾ?” ಎಂದು ಬೀದಿಗೆಲ್ಲ ಕೇಳುವಂತೆ ಕೇಳಿದ.

“ಇಲ್ಲ,” ಎಂದೆ. “ತಪ್ಪು ನಂದು.” ಗಿರಾಕಿಗಳೂ ನನ್ನತ್ತ ತಿರುಗಿದರು. ನಾನು ಭಾನುವಾರದ ಅಪ್‌ಡೇಟ್‌ನಿಂದ ಶುರುಮಾಡಿದೆ.