ಕುರ್ಚಿಯ ಕೈ ಮೇಲೆ ಎರಡು ಬೆರಳು

ಲೊಡಲೊಡ— ಇದು ಆಯ್ತು, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಬಲಕ್ಕೆ, ಇದು ಬುಳುಬುಳು ಅನ್ನುತ್ತದೆ, ಇನ್ನೂ ನೀರಿದೆ, ಇನ್ನೊಂದು ತಿಂಗಳು ಮಲಗಿರಲಿ, ಎಡಕ್ಕೆ, ಅಟ್ಟದ ಮೇಲೆ ಕುಕ್ಕರಗಾಲಲ್ಲಿ ಕೂತ ತೀರ್ಥಮ್ಮ ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ, ಸುಲಿಯುವುದು ಬೇಡ, ಒಡೆಯುವುದು ಬೇಡ, ಮೂವತ್ತು ವರ್ಷದಿಂದ ಇದೇ ಕೆಲಸ, ಯಗಟಿಯಲ್ಲಿ ಯಾರ ಅಟ್ಟದಲ್ಲಿ ಅನುಮಾನ ಬಂದರೂ ತೀರ್ಥಮ್ಮನ್ನ ಕರೀರಿ, ಅವಳ ಕಿವಿ ಸುಳ್ಳು ಹೇಳಲ್ಲ ಅನ್ನುತ್ತಾರೆ, ಹೌದು, ಹೇಳಲ್ಲ, ಅದಕ್ಕೇ ಅಲ್ಲವೇ ಇವತ್ತು ಅಣ್ಣ ಸಿದ್ದಪ್ಪ ಶಿವನಿಯಿಂದ ಹೊರಟಿರುವುದು, ತರೀಕೆರೆಯ ಬೀಗರನ್ನೂ ಜೊತೆಗೆ ಹೊರಡಿಸಿಕೊಂಡು, ಮೂರೂವರೆ ಬಸ್ಸಿಗೆ ಇಳಿಯುತ್ತಾರೆ, ಇಳಿದವರ ಕೈಗೆ ಮಜ್ಜಿಗೆ ಕೊಟ್ಟು ಹೇಳಿಬಿಡಬೇಕು, ನಿಮ್ಮ ಮಗಳನ್ನ ಕರಕೊಂಡು ಹೋಗಿ ಬೀಗ್ರೇ, ಈ ಮನೇಗೆ ಅವಳು ಬ್ಯಾಡ— ಹೇಳುವಾಗ ಗಂಟಲು ನಡುಗಬಾರದು, ಬೆಳಿಗ್ಗೆಯಿಂದ ನಾಲ್ಕು ಸಲ ಒಬ್ಬಳೇ ಹೇಳಿ ನೋಡಿದ್ದಾಳೆ, ಕೈಗೆ ಏನಾದರೂ ಕೆಲಸ ಇದ್ದರೆ ಧೈರ್ಯ ಬರುತ್ತದೆಂದು ಹಿತ್ತಿಲ ಏಣಿ ಹತ್ತಿ ಇಲ್ಲಿ ಬಂದು ಕೂತಿದ್ದಾಳೆ, ಸೊಸೆ ಕೃತಿಕಾಗೆ ಅತ್ತೆ ತೋಟಕ್ಕೆ ಹೋಗಿದ್ದಾಳೆಂದೇ ಲೆಕ್ಕ. ಲೊಡಲೊಡ, ಬಲಕ್ಕೆ.

ಸುಮ್ಮನೆ ಹೇಳುತ್ತಿದ್ದಾಳೆಯೇ, ಕಿವಿಯಾರೆ ಕೇಳಿದ್ದು, ಒಂದು ದಿನವಲ್ಲ ಎರಡು ದಿನವಲ್ಲ, ವರ್ಷವಿಡೀ ಮಧ್ಯಾಹ್ನ ತೋಟದಿಂದ ಬಂದರೆ ಮುಂಬಾಗಿಲಿಗೆ ಚಿಲಕ, ಒಳಗೆ ಟೀವಿ ಸದ್ದು, ಆ ಸದ್ದಿನ ಅಡಿಯಲ್ಲಿ ಇವಳ ಗುಸುಗುಸು, ನಡುವೆ ಒಂದು ಕಿಸಕ್ ನಗು, ಬಾಗಿಲು ತಟ್ಟಿದರೆ ಗುಸುಗುಸು ನಿಂತುಹೋಗುತ್ತದೆ, ಯಾರ ಹತ್ರ ಮಾತಾಡ್ತಿದ್ಯೇ ಅಂದರೆ ಯಾರೂ ಇಲ್ಲ ಅತ್ತೆ ಅನ್ನುತ್ತಾಳೆ ನೆಲ ನೋಡಿಕೊಂಡು, ಫೋನಲ್ಲದೆ ಇನ್ನೇನು, ಅದೂ ಪಕ್ಕದ ಕುರ್ಚಿಯಲ್ಲಿ ಮಾವ ಕೂತಿರುವಾಗ, ಪಾಪ ತೀರ್ಥಮ್ಮನ ಗಂಡ ಗಂಗಾಧರಯ್ಯ, ಸಕ್ಕರೆ ಕಾಯಿಲೆ ಎರಡು ಕಣ್ಣನ್ನೂ ತಿಂದಿತ್ತು, ಲಕ್ವ ಹೊಡೆದು ಬಲಗೈಯೂ ಮಾತೂ ಹೋಗಿತ್ತು, ಕುರುಡ, ಮೂಗ, ಹೇಳುವವರಿಲ್ಲ ಕೇಳುವವರಿಲ್ಲ ಅಂತ ಆ ಮನುಷ್ಯನ ಎದುರೇ— ಥೂ, ಕಲ್ಲೇಶನಿಗೆ ಹೇಳಿದಳು, ನಿನ್ನ ಹೆಂಡ್ತಿ ಯಾರ ಹತ್ರನೋ ಮಾತಾಡ್ತಾಳೆ ಕಣೋ, ಮಗ ಕಡೂರಿನ ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ಬಂದವನು ತಟ್ಟೆ ದೂಡಿ ಎದ್ದುಹೋದ, ಅವತ್ತಿನಿಂದ ಹೆಂಡತಿಯ ಕೈಯ ನೀರನ್ನೂ ಮುಟ್ಟಿಲ್ಲ. ಹೋದ ತಿಂಗಳು ಗಂಗಾಧರಯ್ಯ ಕುರ್ಚಿಯಲ್ಲೇ ಕೂತಹಾಗೆ ಶಿವನ ಪಾದ ಸೇರಿದಾಗ ಅವಳ ಕಣ್ಣಲ್ಲಿ ಒಂದು ಹನಿ ಇಲ್ಲ, ಮಠದಿಂದ ಬಂದ ಅಯ್ಯನವರಿಗೂ ತೀರ್ಥಮ್ಮ ಅದನ್ನು ಬಿಡದೆ ಹೇಳಿದ್ದಳು, ಒಂದು ಹನಿ ಇಲ್ಲ ಕಣ್ರೀ ಬುದ್ದಿ, ಕಲ್ಲು.

ಹಾಗಂತ ತೀರ್ಥಮ್ಮನೇನು ಕಟುಕಳೇ, ಸಂಜೆ ಏಳರ ಸೀರಿಯಲ್ಲಿನ ಸೊಸೆಗೆ ಎಷ್ಟು ಸೆರಗು ಒದ್ದೆ ಮಾಡಿಕೊಂಡಿದ್ದಾಳೆ, ಆ ಹುಡುಗಿ ಅಡುಗೆಮನೆಯ ಮೂಲೆಯಲ್ಲಿ ಒಬ್ಬಳೇ ಬಿಕ್ಕುವಾಗ, ಮಾವನ ಔಷಧಿಗೆ ಬಳೆ ಬಿಚ್ಚಿ ಕೊಡುವಾಗ, ಅದೊಂದೂ ಗೊತ್ತಿಲ್ಲದ ಅತ್ತೆ ಅವಳನ್ನೇ ಕಳ್ಳಿ ಅಂದಾಗ, ಲೇ ಮುದುಕಿ ನಿನ್ನ ಕಣ್ಣಿಗೇನು ಮಣ್ಣು ಬಿದ್ದಿದೆಯೇನೇ ಅಂತ ಟೀವಿಗೇ ಬೈದಿದ್ದಾಳೆ, ನೋಡ್ರೀ ನೋಡ್ರೀ ಅವಳ ಮುಖ ನೋಡ್ರೀ ಅಂತ ಪಕ್ಕದ ಗಂಡನಿಗೆ, ಕುರುಡನಿಗೆ, ನೋಡ್ರೀ ಅಂದಿದ್ದಾಳೆ, ಅವರು ಆಗಾಗ ಎಡಗೈಯ ಎರಡು ಬೆರಳಿಂದ ಕುರ್ಚಿಯ ಕೈ ತಟ್ಟುತ್ತಿದ್ದರು, ತಟ್ ತಟ್, ಕತೆ ಬಿಗಿಯಾದ ಹೊತ್ತಿಗೆ ಸರಿಯಾಗಿ, ನೀರಾ, ತಗಳ್ರಿ ಅಂತ ಟೀವಿಯಿಂದ ಕಣ್ಣು ತೆಗೆಯದೆ ಲೋಟ ಹಿಡಿಸುತ್ತಿದ್ದಳು, ಕುಡಿಯುತ್ತಿದ್ದರು, ಮತ್ತೆ ತಟ್ ತಟ್, ಮತ್ತೆ ಲೋಟ, ಅದೆಂಥ ದಾಹವೋ ಶಿವನೇ, ಎಲ್ಲಾ ಸಕ್ಕರೆ ಕಾಯಿಲೆಯ ದಾಹ.

ಶ್— ಏನದು, ಕೆಳಗೆ, ಗುಸುಗುಸು, ಹಾ ಶುರುವಾಯಿತು, ಇವತ್ತು ಸಿಕ್ಕಿಬಿದ್ದಳು, ಕೈಯಲ್ಲಿದ್ದ ಕಾಯನ್ನು ಸದ್ದಾಗದಂತೆ ಇಟ್ಟು, ಕಾಯಿಗೆ ಗಾಳಿಯಾಡಲೆಂದು ಸಂದು ಬಿಟ್ಟು ಹಾಕಿದ ಅಡಿಕೆ ಮರದ ಸೀಳು ದಬ್ಬೆಯ ಮೇಲೆ ತೀರ್ಥಮ್ಮ ಬೋರಲಾಗಿ ಮಲಗಿ ಸಂದಿಗೆ ಕಣ್ಣು ಒತ್ತುತ್ತಾಳೆ, ಮೂಗಿಗೆ ಧೂಳು, ಸೀನು ಬಂದರೆ ಕೆಟ್ಟೆ, ಕೆಳಗೆ ನಡುಮನೆ, ಟೀವಿ ಉರಿಯುತ್ತಿದೆ, ಸಾವಾದ ಮನೆಯೆಂದು ಸದ್ದು ತೆಗೆದಿದ್ದಾಳೆ, ಬರೀ ಬೊಂಬೆ, ನಿನ್ನೆ ಸಂಜೆಯದೇ ಮಧ್ಯಾಹ್ನ ಮತ್ತೆ ಬರುವುದು, ಕೃತಿಕಾ ನೆಲದ ಮೇಲೆ ಕೂತಿದ್ದಾಳೆ, ಕುರ್ಚಿಯ ಪಕ್ಕದಲ್ಲಿ, ಆ ಖಾಲಿ ಕುರ್ಚಿಯ ಪಕ್ಕದಲ್ಲಿ, ಫೋನೆಲ್ಲಿ, ಕೈಯಲ್ಲಿಲ್ಲ, ಮಡಿಲಲ್ಲಿಲ್ಲ, ಅಗೋ ಗೂಡಿನಲ್ಲಿ ಚಾರ್ಜಿಗೆ ಹಾಕಿದೆ, ಮತ್ತೆ ಮಾತು ಯಾರ ಜೊತೆ— ಈಗ ದೊಡ್ಡ ಸೊಸೆ ಮೆಟ್ಟಿಲು ಇಳೀತಾಳೆ ಮಾವ, ಹಸಿರು ಸೀರೆ, ಅತ್ತೆ ನೋಡ್ಬಿಟ್ಲು, ಮಾತಿಲ್ಲ, ಸುಮ್ನೆ ಎಲ್ಲಾರ ಮುಖಾನೂ ಮೂರು ಮೂರು ಸಲ ತೋರಿಸ್ತಾರೆ, ನಿಮಗೆ ಗೊತ್ತಲ್ಲ ಅವರ ಬುದ್ಧಿ, ಅಂತ ಕಿಸಕ್ಕನೆ ನಗುತ್ತಾಳೆ, ಅದೇ ನಗು, ವರ್ಷವಿಡೀ ಬಾಗಿಲಾಚೆ ಕೇಳಿದ ಅದೇ ನಗು, ಪರದೆಯ ಮೇಲೆ ಯಾರೋ ಹೊಸಬರು, ಕೃತಿಕಾ ಕೈ ಚಾಚಿ ಕುರ್ಚಿಯ ಕೈ ಮೇಲೆ ಎರಡು ಬೆರಳಿಂದ ತಟ್ ತಟ್, ಈಗ ನೀವು ತಟ್ಟಲ್ಲವಲ್ಲ ಮಾವ, ನಾನೇ ತಟ್ಕೊಂಡು ಹೇಳ್ಬೇಕು, ಯಾರು ಬಂದ್ರು ಅಂತ ತಾನೇ, ತಮ್ಮ ಬಂದ ಕಣ್ರೀ ಮಾವ, ಅವನಿಗೆ ಸತ್ಯ ಗೊತ್ತು— ಅಂದವಳು ಕುರ್ಚಿಯ ಅಂಚಿಗೆ ಹಣೆ ಕೊಟ್ಟು ಅಳುತ್ತಾಳೆ, ಸದ್ದಿಲ್ಲ, ಬೆನ್ನು ಮಾತ್ರ ಅಲುಗುತ್ತಿದೆ.

ಅಬ್ಬಾ. ಅಬ್ಬಾ ಶಿವನೇ. ಇಷ್ಟು ದೊಡ್ಡದು ಈ ಮನೆಯಲ್ಲಿ ನಡೆಯುತ್ತಿತ್ತೇ, ಇದೇ ನಡುಮನೆಯಲ್ಲಿ, ದಿನಾ, ಒಬ್ಬ ಕುರುಡನಿಗೆ ಒಂದು ಹುಡುಗಿ ಕಣ್ಣಾಗಿ ಕೂತು ಹಸಿರು ಸೀರೆ, ಮೆಟ್ಟಿಲು, ಮುಖ ಎಲ್ಲ ಬಡಿಸುತ್ತಿದ್ದಳೇ, ಬಾಗಿಲು ತಟ್ಟಿದಾಗ ನಾಚಿಕೊಂಡು ಸುಮ್ಮನಾಗುತ್ತಿದ್ದಳೇ, ಯಾರೂ ಇಲ್ಲ ಅತ್ತೆ, ಹೊರಗಿನವರು ಯಾರೂ ಇರಲಿಲ್ಲ, ನಿಜವನ್ನೇ ಹೇಳಿದ್ದಳಲ್ಲ, ಸೀರಿಯಲ್ಲಿನವಳು ಒಬ್ಬಳೇ ಇರುವಾಗ ಏನು ಮಾಡುತ್ತಾಳೆಂದು ತೋರಿಸುತ್ತಾರೆ, ಅದಕ್ಕೇ ಅಳು ಬರುತ್ತದೆ, ಮನೆಯವಳನ್ನು ಯಾರು ತೋರಿಸುತ್ತಾರೆ, ಈ ದಬ್ಬೆಯ ಸಂದು ತೋರಿಸಬೇಕಾಯಿತು, ಕಣ್ಣಿಗೆ ಮಣ್ಣು ಬಿದ್ದ ಮುದುಕಿ ಟೀವಿಯಲ್ಲಿರಲಿಲ್ಲ, ಎದುರು ಕೂತು ಬೈಯುತ್ತಿದ್ದಳು, ತಟ್ ತಟ್, ಅಯ್ಯೋ, ಆ ತಟ್ ತಟ್, ದಾಹವಲ್ಲ, ನೀರಲ್ಲ, ಯಾರು ಬಂದರು, ಯಾರು ಬಂದರು ತೀರ್ಥಾ ಅಂತ ಕೇಳುತ್ತಿದ್ದರು, ಸೊಸೆ ಕಲಿಸಿದ ಮಾತು, ಅವರಿಗೆ ಉಳಿದಿದ್ದ ಒಂದೇ ಮಾತು, ಹೆಂಡತಿಗೂ ತಿಳಿದೀತೆಂದು ಸಂಜೆ ಸಂಜೆ ಕೇಳಿದರು, ಲೋಟ ಕೊಟ್ಟಳು, ಕುಡಿದರು, ಬೇಡ ಅನ್ನಲಾರದೆ ಎಷ್ಟು ಲೋಟ ಕುಡಿದರೋ.

ಅಂಗಳದಲ್ಲಿ ಚಪ್ಪಲಿ ಸದ್ದು, ಬಸ್ಸು ಯಾವಾಗ ಬಂತೋ, ಚಿಲಕ ಅಲ್ಲಾಡುತ್ತದೆ, ತೀರ್ಥಾ, ಎಲ್ಲಿದ್ದೀಯೇ, ಬೀಗರು ಬಂದವ್ರೆ, ಅದೇನೋ ಹೇಳ್ಬೇಕು ಅಂದ್ಯಲ್ಲ, ಅಣ್ಣನ ದನಿ, ಹೇಳಬೇಕು, ಹೌದು ಹೇಳಬೇಕು, ಗಂಟಲು ನಡುಗಿದರೂ ಹೇಳಬೇಕು, ಬೀಗರ ಮುಂದೆ, ಸಂಜೆ ಕಲ್ಲೇಶನ ಮುಂದೆ, ನಾಳೆ ಊರ ಮುಂದೆ, ಅಟ್ಟದ ಮೇಲೆ ಬೋರಲು ಬಿದ್ದಲ್ಲಿಂದಲೇ ಕೂಗಿಬಿಡುತ್ತಾಳೆ, ಅಣ್ಣಾ, ನನ್ನ ಕಿವಿ ಸುಳ್ಳು ಹೇಳ್ತು ಕಣಣ್ಣಾ, ನನ್ನ ಸೊಸೆ ಚಿನ್ನ— ಕೆಳಗೆ ಕೃತಿಕಾ ಬೆಚ್ಚಿ ತಲೆ ಎತ್ತುತ್ತಾಳೆ, ಒದ್ದೆ ಮುಖ, ದಬ್ಬೆಯ ಸಂದಿನಲ್ಲಿ ಅತ್ತೆಯ ಕಣ್ಣು ಕಂಡವಳು ಬಾಗಿಲ ಕಡೆ ನೋಡುತ್ತಾಳೆ, ಮತ್ತೆ ಮೇಲೆ, ಬೆರಳು ಮಾತ್ರ ಇದ್ದಲ್ಲೇ ಇವೆ, ರೂಢಿ ಬಿಡದು, ಯಾರೋ ಬಂದಿದ್ದಾರೆ, ಹೇಳಬೇಕು, ಖಾಲಿ ಕುರ್ಚಿಯ ಕೈ ಮೇಲೆ, ತಟ್ ತಟ್, ನೀರಲ್ಲ, ನೀರಲ್ಲ, ಎರಡು ಬೆರಳು, ತಟ್ ತಟ್.