ಮೈಕಿನವನ ಕಿವಿ

ಈ ದೇಶದಲ್ಲಿ ಇದುವರೆಗೆ ಉರುಳಿದ ಸರ್ಕಾರಗಳಲ್ಲಿ ಮುಕ್ಕಾಲು ಪಾಲು ನನ್ನ ಹೊಲಿಗೆ ಅಂಗಡಿಯಲ್ಲೇ ಉರುಳಿದವು. ಉಳಿದ ಕಾಲು ಪಾಲು, ನಾನು ಜ್ವರ ಬಂದು ಮಲಗಿದ್ದಾಗ ತಾವಾಗಿಯೇ ಬಿದ್ದವು. ಉರುಳಿಸುವವನು ನಾನು, ಹೂಂಗುಟ್ಟುವವನು ಮೈಕಿನವನು. ಎದುರಿನ ಸಭಾಂಗಣದಲ್ಲಿ ಮೈಕ್‌ಸೆಟ್ ನೋಡಿಕೊಳ್ಳುವ ಅವನು ನನ್ನ ಚಡ್ಡಿ ದೋಸ್ತ್. ದಿನಾ ಮಧ್ಯಾಹ್ನ ಬಂದು ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾನೆ.

ನಾನು ಮಿಷನ್ ತುಳಿಯುತ್ತ ಮಂತ್ರಿಗಳ ಜನ್ಮ ಜಾಲಾಡುತ್ತೇನೆ, ಸಂಸ್ಕೃತಿಯ ನಾಡಿ ಹಿಡಿಯುತ್ತೇನೆ, ಹುಡುಗರ ಪ್ಯಾಂಟಿನ ಅಳತೆ ನೋಡಿ ಸಮಾಜದ ಭವಿಷ್ಯ ಹೇಳುತ್ತೇನೆ. ಎಲ್ಲದಕ್ಕೂ ಅವನ ತೀರ್ಪು ಒಂದೇ: “ಬಿಡೋ, ಯಾರು ಬಂದರೂ ಅಷ್ಟೇ.” ಇಂಥ ಸಂಶಯಪಿಶಾಚಿಯನ್ನು ತಯಾರು ಮಾಡಿದವನು ನಾನೇ ಎಂದು ಹತ್ತು ಸಾವಿರ ಜನರೆದುರು ಹೇಳಿಕೊಂಡಿದ್ದೇನೆ. ಹತ್ತು ಜನರಂತೂ ಖಂಡಿತ ಇದ್ದರು.

ಕಳೆದ ಸೋಮವಾರ ಸಂಸ್ಕೃತಿ ಉಳಿಸುವ ಸಭೆಯಲ್ಲಿ ಮೈಕು ಕುಂಯ್ ಎಂದು ಕೂಗತೊಡಗಿತು. ಕೂಗಿದರೆ ವಾಲ್ಯೂಮಿನ ತಿರುಪು ಇಳಿಸಬೇಕು, ಅಷ್ಟೇ. ಅವನು ಕೈಕಟ್ಟಿಕೊಂಡು ಕೂತೇ ಇದ್ದ. ಭಾಷಣಕಾರರು ಕಿವಿ ಮುಚ್ಚಿಕೊಂಡು ವೇದಿಕೆ ಇಳಿದರು. ಇದು ಮಹಾ ಪ್ರತಿಭಟನೆ, ನನ್ನ ಶಿಷ್ಯನದು ಎಂದು ಸಂಜೆಯೊಳಗೆ ಊರಿಗೆಲ್ಲ ಸಾರಿದೆ.

ಮರುದಿನ ಅವನಿಗೆ ಬೆನ್ನು ಹಾಕಿ ಕೂತು, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಭೇಷ್ ಎಂದೆ. ನಿನ್ನ ಹೆಸರಲ್ಲಿ ಒಂದು ರಸ್ತೆ ಮಾಡಿಸುತ್ತೇನೆ ಎಂದೆ.

“ಬಿಡೋ, ಯಾರು ಬಂದರೂ ಅಷ್ಟೇ.”

ನನ್ನ ಕಾಲು ತುಳಿಯುವುದನ್ನು ನಿಲ್ಲಿಸಿತು. ತಿರುಗದೆ, ನಿನ್ನ ಅಂಗಿಗೆ ಬೆಂಕಿ ಹತ್ತಿದೆ ಎಂದೆ.

“ಎಲ್ಲಾ ಒಂದೇ ಬಿಡು,” ಎಂದ.

ಸೂಜಿಗಳನ್ನು ಉಗಿದು ಅವನ ಮುಖದ ಮುಂದೆ ಹೋಗಿ, ಯಾವಾಗಿನಿಂದ ಕಿವಿ ಕೇಳುತ್ತಿಲ್ಲ ಎಂದು ಕೇಳಿದೆ. ತುಟಿ ನೋಡಿ ಅರ್ಥ ಮಾಡಿಕೊಂಡ.

“ಎರಡು ವರ್ಷ ಆಯ್ತು.”

“ಮತ್ತೆ ದಿನಾ ಯಾಕೋ ಬಂದು ಕೂರ್ತಿದ್ದೆ?”

“ನಿನ್ನ ಕೈ ಆಡೋದು ನೋಡ್ತಿದ್ರೆ ಹೊತ್ತು ಹೋಗುತ್ತೆ.”

ಎರಡು ವರ್ಷದ ಸರ್ಕಾರಗಳನ್ನೆಲ್ಲ ನಾನು ಒಬ್ಬನೇ ಉರುಳಿಸಿದ್ದೆ. ದುಃಖವಾಗಬೇಕಿತ್ತು. ಏನೂ ಆಗಲಿಲ್ಲ. ನೆಲದ ಮೇಲಿನ ಸೂಜಿಗಳನ್ನು ಒಂದೊಂದಾಗಿ ಆರಿಸಿದೆ. ತನ್ನ ಹೆಂಡತಿಗೂ ಗೊತ್ತಿಲ್ಲ ಎಂದ. ಅವನ ಕಿರಿಮಗಳ ಓದು ಮುಗಿಯಲು ಇನ್ನೂ ಒಂದು ವರ್ಷವಿತ್ತು. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ಅವನು ಎದ್ದು ಹೋದ ಸ್ವಲ್ಪ ಹೊತ್ತಿಗೆ ಸಭಾಂಗಣದ ಮ್ಯಾನೇಜರು ಬಂದರು.

“ಪ್ರತಿಭಟನೆ ಅಂತೆ. ನೀವೇ ಹೇಳ್ತಿದ್ದೀರಂತೆ. ಇಲ್ಲಾ, ಕಿವಿ ಕೇಳಲ್ಲ ಅಂತಾನೂ ಅಂತಾರೆ. ಎರಡರಲ್ಲಿ ಯಾವುದಾದರೂ ಸರಿ, ನಾಳೆಯಿಂದ ಅವನು ಬರೋದು ಬೇಡ.”

ಇರುವೆ ಸೀನಿದರೂ ಅವನಿಗೆ ಕೇಳುತ್ತದೆ ಎಂದು ಹೇಳಲು ಬಾಯಿ ತೆರೆದೆ. ನನ್ನ ಮಾತನ್ನು ಈ ಊರಲ್ಲಿ ಯಾರೂ ನೂರಕ್ಕೆ ಹತ್ತಕ್ಕಿಂತ ಹೆಚ್ಚು ನಂಬುವುದಿಲ್ಲ ಎಂಬುದು ಆಗ ಹೊಳೆಯಿತು. ಜೀವಮಾನದಲ್ಲಿ ಮೊದಲ ಸಲ ಒಂದು ಸಣ್ಣ ಸುಳ್ಳು ಹೇಳಿದೆ.

“ನಿದ್ದೆ ಹೋಗಿದ್ದ ಸಾರ್. ಪ್ರತಿಭಟನೆ ಅಂದಿದ್ದು ನನ್ನ ಬಾಯಿಚಪಲ.”

ಮ್ಯಾನೇಜರು ಸ್ಟೂಲಿನ ಮೇಲೆ ಕೂತರು. “ನಿದ್ದೆ ನನಗೂ ಬಂದಿತ್ತು,” ಎಂದರು. ಇನ್ನು ಮುಂದೆ ಸಭೆಗಳಿಗೆಲ್ಲ ನಾನೇ ಅವನ ಪಕ್ಕ ಕೂತು ಎಚ್ಚರವಾಗಿಡಬೇಕು, ಇನ್ನೊಂದು ಸಲ ಕೂಗಿದರೆ ಮುಗಿಯಿತು ಎಂದರು.

ಈಗ ವಾರಕ್ಕೆ ಮೂರು ದಿನ ಅಂಗಡಿ ಬಾಗಿಲು ಹಾಕುತ್ತೇನೆ. ಆಂಪ್ಲಿಫಯರಿನ ಪಕ್ಕ ಕೂತು, ಕೂಗು ಏಳುವ ಮೊದಲೇ ಅವನ ಮೊಣಕಾಲು ಒತ್ತುತ್ತೇನೆ. ಅವನು ತಿರುಪು ಇಳಿಸುತ್ತಾನೆ. ನಿನ್ನೆ ಸಭೆ ಮುಗಿದ ಮೇಲೆ, ಮೂರು ಗಂಟೆ ಏನು ಮಾತಾಡಿದರು ಎಂದು ಕೇಳಿದ. ಕೂಗಿಗಷ್ಟೇ ಕಿವಿಗೊಟ್ಟು ಕೂತಿದ್ದ ನನಗೆ ಎಷ್ಟು ಯೋಚಿಸಿದರೂ ಒಂದು ಮಾತೂ ನೆನಪಾಗಲಿಲ್ಲ. ಬೇಕಿದ್ದರೆ ಕಟ್ಟಿ ಹೇಳಬಹುದಿತ್ತು. ಅವನು ನನ್ನ ತುಟಿ ಆಡದ್ದನ್ನು ನೋಡಿ, ವೈರು ಸುತ್ತಿಡಲು ಎದ್ದ.